ಹೊಯ್ಗೆ ಕಣದ ಸಂದಿಯಲ್ಲಿರೋ ಜೀವಿಗಳನ್ನ ಎಣಿಸಿದ್ದು – ನನ್ನ ಅನುಭವ

ಎಂಎಸ್ಸಿ ಪ್ರಾಜೆಕ್ಟಿಗೆ ಕಾರವಾರದ ಟಾಗೋರ್ ಬೀಚಲ್ಲಿ ಮರಳಿನ ಜೀವಿಗಳನ್ನ ಎಣಿಸೋ ಕೆಲಸ ಸಿಕ್ಕಾಗ, ಏಡಿ ಬಿಟ್ರೆ ಬರೀ ಹೊಯ್ಗೆಲಿ ಇನ್ನೇನಿರತ್ತೆ ಅಂತ ನಂಗೂ ಅನ್ಸಿತ್ತು.

ಕಣ್ಣಿಗೆ ಕಾಣೋವು ಸುಲಭ. ಇಳಿತದ ಟೈಮ್ ನೋಡ್ಕೊಂಡು ಬೆಳಿಗ್ಗೆ ಬೇಗ ಹೋಗಿ, ಭರತದ ಕಸ ಬಂದು ನಿಲ್ಲೋ ಗೆರೆಯಿಂದ ನೀರಿನ ತನಕ ಹಗ್ಗ ಎಳೆದು, ಅಲ್ಲಲ್ಲಿ 25 ಸೆಂಟಿಮೀಟರ್ ಚೌಕದ ಫ್ರೇಮ್ ಇಟ್ಟು ಒಂದು ಗೇಣು ಅಗೆದು, ಅರ್ಧ ಮಿಲಿಮೀಟರ್ ಕಣ್ಣಿನ ಜರಡಿಲಿ ಕಡಲ ನೀರಲ್ಲೇ ತೊಳೀತಿದ್ದೆ. ಮೇಲ್ಗಡೆ ಬಿಲ ತೋಡೋ ಏಡಿ, ಅಲೆ ಬಂದುಹೋಗೋ ಪಟ್ಟಿಲಿ ಡೋನಾಕ್ಸ್ ಅನ್ನೋ ಪುಟ್ಟ ಚಿಪ್ಪು, ಅದರ ಜೊತೆ ಎಮೆರಿಟಾ ಅನ್ನೋ, ಮರಳಲ್ಲಿ ಹುದುಗೋ ಪುಟ್ಟ ಏಡಿಯಂಥ ಜೀವಿ. ಈ ಎಮೆರಿಟಾ ನೋಡ್ತಾ ಕೂತ್ರೆ ಎದ್ದೇಳೋಕೆ ಮನಸ್ಸಾಗಲ್ಲ, ಕಡಲಿನ ಕಡೆ ಮುಖ ಮಾಡಿ ಹಿಂದಿಂದ ಮರಳಿಗಿಳಿಯತ್ತೆ, ಅಲೆ ವಾಪಸ್ ಹೋಗುವಾಗ ಗರಿಯಂಥ ಮೀಸೆ ಚಾಚಿ ನೀರು ಸೋಸಿ ತಿನ್ನತ್ತೆ.

ಕಷ್ಟ ಆಗಿದ್ದು ಕಣಗಳ ಸಂದಿಲೇ ಬದುಕೋ ಸಣ್ಣವುಗಳಿಂದ. ನೆಮಟೋಡ್ ಹುಳ, ಸಿಗಡಿಯ ದೂರದ ನೆಂಟ ಕೋಪೆಪಾಡ್, ಹುಳದಂಥ ಗ್ಯಾಸ್ಟ್ರೋಟ್ರಿಕ್, ಹೆಚ್ಚಿನವು ಮಿಲಿಮೀಟರಿಗಿಂತ ಚಿಕ್ಕವು. ಸಿರಿಂಜಿನ ಮೂತಿ ಕತ್ತರಿಸಿ ಅದನ್ನೇ ಮರಳಿಗೆ ಒತ್ತಿ ತೆಗೀತಿದ್ದೆ, ಅದು ಸರಿಯಾಗೇ ಇತ್ತು. ಆದ್ರೆ ಮೊದಲನೇ ತಿಂಗಳು ಸ್ಯಾಂಪಲ್ ತಂದ ತಕ್ಷಣ, ಜೀವಿಗಳು ಕೊಳೀದ ಹಾಗೆ ಇಡೋ ಫಾರ್ಮಲಿನ್ ಸುರಿದ್ಬಿಟ್ಟೆ. ಮೈಕ್ರೋಸ್ಕೋಪಲ್ಲಿ ನೋಡಿದ್ರೆ ನೆಮಟೋಡ್ ಬಿಟ್ಟು ಬೇರೆ ಏನೂ ಇಲ್ಲ ಅನ್ನೋಷ್ಟು ಕಮ್ಮಿ. ಅವು ಇರಲಿಲ್ಲ ಅಂತಲ್ಲ, ಗ್ಯಾಸ್ಟ್ರೋಟ್ರಿಕ್ ಥರದವಕ್ಕೆ ಮೈಯಲ್ಲಿ ಅಂಟಿನ ನಳಿಕೆಗಳಿವೆ, ಅಲೆ ಹೊಡೆತಕ್ಕೆ ಕೊಚ್ಚಿಹೋಗದ ಹಾಗೆ ಕಣಕ್ಕೆ ಅಂಟ್ಕೊಂಡಿರ್ತವೆ, ಫಾರ್ಮಲಿನ್ ಬಿದ್ರೆ ಮುದುಡಿ ಅಲ್ಲೇ ಸಾಯ್ತವೆ, ಮರಳಿಂದ ಬಿಡಿಸೋಕೆ ಆಗಲ್ಲ.

ಆಮೇಲೆ ಗೈಡ್ ಮೇಡಂ ಹೇಳಿಕೊಟ್ಟಿದ್ದು: ಮೊದಲು ಮೆಗ್ನೀಸಿಯಂ ಕ್ಲೋರೈಡ್ ದ್ರಾವಣ ಹಾಕು, ಲೀಟರಿಗೆ 73 ಗ್ರಾಂ ಹರಳು, ಹತ್ತು ನಿಮಿಷ ಬಿಡು. ಅದ್ರಲ್ಲಿ ಜೀವಿಗಳು ಮಂಪರು ಬಂದ ಹಾಗಾಗಿ ಹಿಡಿತ ಬಿಡ್ತವೆ. ಆಮೇಲೆ ಅಕ್ಕಿ ಜಾಲಿಸಿ ಕಲ್ಲು ಬಿಡಿಸ್ತೀವಲ್ಲ ಹಾಗೇ, ಪಾತ್ರೆ ತಿರುಗಿಸಿ ಕೆಲವೇ ಸೆಕೆಂಡ್ ಬಿಟ್ಟು, ಮರಳು ತಳಕ್ಕೆ ಕೂರ್ತಿದ್ದ ಹಾಗೆ ಮೇಲಿನ ನೀರನ್ನ 63 ಮೈಕ್ರಾನ್ ಜರಡಿಗೆ ಬಗ್ಗಿಸೋದು. ಒಂದ್ಸಲ ಸಾಲಲ್ಲ, ನಾನು ಆರು ಸಲ ಮಾಡ್ತಿದ್ದೆ. ಆಮೇಲೇ ಫಾರ್ಮಲಿನ್, ಜೊತೆಗೆ ಚೂರು ರೋಸ್ ಬೆಂಗಾಲ್ ಬಣ್ಣ, ಜೀವಿಗಳೆಲ್ಲ ಗುಲಾಬಿ ಬಣ್ಣಕ್ಕೆ ತಿರುಗಿ ಮರಳಿಂದ ಬೇರೆಯಾಗಿ ಕಾಣ್ತವೆ. ಅವತ್ತು ಮೊದಲ ಡಿಶ್ ನೋಡಿ ಮೇಡಂನ ಕೂಗಿ ಕರೆದಿದ್ದೆ. ಮೊದಲ ತಿಂಗಳ ಲೆಕ್ಕ ಪೂರ್ತಿ ಬಿಟ್ಟು ಹೊಸದಾಗಿ ಶುರು ಮಾಡಿದೆ, ಬೇಜಾರಾಯ್ತು, ಆದ್ರೂ ಅದೇ ಸರಿ.

ಇನ್ನೊಂದು, ಗುರುತಿನ ಗೂಟ ಬೀಚ್ ಮೇಲೇ ಹುಗೀಬೇಡಿ. ಜೂನ್ ಅಲೆಗಳು ದಂಡೆ ಕೊರೆದು ನನ್ನ ಗೂಟಾನೂ ತಗೊಂಡು ಹೋದ್ವು, ಹೋದ ತಿಂಗಳು ಅಗೆದ ಜಾಗ ಯಾವುದು ಅಂತಾನೇ ಗೊತ್ತಾಗ್ಲಿಲ್ಲ. ಮೇಲಿರೋ ಗಾಳಿಮರಕ್ಕೆ ಪೇಂಟ್ ಹಚ್ಚಿ ಅಲ್ಲಿಂದ ಟೇಪ್ ಹಿಡಿದು ಅಳೀರಿ.