ಬೆಲ್ಲದ ಪೊಟ್ಟಣಕ್ಕೆ ಮೆತ್ತನೆಯ ದಪ್ಪಕ್ಷರ: ಕೂಪರ್ ಬ್ಲ್ಯಾಕ್ ಬಳಸುವ ಬಗೆ

ಮಂಡ್ಯದ ಆಲೆಮನೆಯ ಬೆಲ್ಲಕ್ಕೆ ಕನ್ನಡ, ಇಂಗ್ಲಿಷ್ ಎರಡರಲ್ಲೂ ಹೆಸರು ಕೂರಿಸಬೇಕಾದಾಗ ನಾನು ಮೊದಲು ತೆರೆದು ನೋಡುವುದು ಕೂಪರ್ ಬ್ಲ್ಯಾಕ್ ಎಂಬ ಫಾಂಟನ್ನು. ಷಿಕಾಗೋದ ಆಸ್ವಾಲ್ಡ್ ಕೂಪರ್ ರೂಪಿಸಿದ ಈ ಅಕ್ಷರಗಳನ್ನು ಅಲ್ಲಿನ ಬಾರ್ನ್‌ಹಾರ್ಟ್ ಬ್ರದರ್ಸ್ ಅಂಡ್ ಸ್ಪಿಂಡ್ಲರ್ ಎಂಬ ಅಚ್ಚುಮೊಳೆ ಕಂಪನಿ 1922ರಲ್ಲಿ ಮಾರುಕಟ್ಟೆಗೆ ತಂದಿತು. ಗೆರೆಗಳ ತುದಿಯಲ್ಲಿ ಚಾಚುವ ಸೆರಿಫ್‌ಗಳು ಇದರಲ್ಲಿ ಚೂಪಾಗಿರದೆ, ಅಂಗೈಯಲ್ಲಿ ಉರುಳಿಸಿದ ಮುದ್ದೆಯಂತೆ ದುಂಡಗಿವೆ. ಅಕ್ಷರಗಳ ಪಾದವೂ ಸಪಾಟಾಗಿರದೆ ಉಬ್ಬಿರುವುದರಿಂದ, ಇಷ್ಟು ದಪ್ಪವಿದ್ದರೂ ಓದುಗನನ್ನು ಗದರಿಸುವುದಿಲ್ಲ. ತಿನಿಸು, ಆಟಿಕೆ, ಮಕ್ಕಳ ಪುಸ್ತಕಗಳಿಗೆ ಇದು ಒಗ್ಗುವುದು ಈ ಗುಣದಿಂದಲೇ.

ಮೊದಲ ನಿಯಮ, ಪದಗಳು ಕಡಿಮೆಯಿರಲಿ, ಗಾತ್ರ ದೊಡ್ಡದಿರಲಿ. ಸಣ್ಣ ಎ, ಇ, ಜಿ ಅಕ್ಷರಗಳ ಒಳಗಿನ ಖಾಲಿ ಜಾಗ ಮೊದಲೇ ಕಿರಿದು. ಪ್ಲಾಸ್ಟಿಕ್ ಚೀಲದ ಮೇಲೆ ಶಾಯಿ ಹರಡಿದರೆ ಅದು ಮುಚ್ಚಿಯೇ ಹೋಗುತ್ತದೆ. ಸಾಫ್ಟ್‌ವೇರಿನ ಬೋಲ್ಡ್ ಗುಂಡಿಯನ್ನು ಇದರ ಮೇಲೆ ಒತ್ತಲೇಬಾರದು.

ನಿಜವಾದ ಕೆಲಸವಿರುವುದು ಕನ್ನಡದ ಜೊತೆ ಹೊಂದಿಸುವಲ್ಲಿ. ಕೂಪರ್ ಬ್ಲ್ಯಾಕ್‌ನಲ್ಲಿ ಕನ್ನಡ ಅಕ್ಷರಗಳಿಲ್ಲ; ನಮ್ಮ ಲಿಪಿಯಲ್ಲಿ ಸೆರಿಫ್ ಎಂಬುದೂ ಇಲ್ಲ, ಆದರೆ ದುಂಡುತನ ಹುಟ್ಟಿನಿಂದಲೇ ಇದೆ. ಹಾಗಾಗಿ ಸೆರಿಫನ್ನು ಹುಡುಕದೆ ಗೆರೆಯ ದಪ್ಪವನ್ನು ಹೊಂದಿಸಿರಿ. ಏಕ್ ಟೈಪ್ ಸಂಸ್ಥೆಯ ‘ಬಲೂ ತಮ್ಮ’ ಎಂಬ ಕನ್ನಡ ಫಾಂಟ್ ಗೂಗಲ್ ಫಾಂಟ್ಸ್‌ನಲ್ಲಿ ಉಚಿತವಾಗಿ ಸಿಗುತ್ತದೆ, ಅದರ ಮೈಕಟ್ಟು ಇದಕ್ಕೆ ಚೆನ್ನಾಗಿ ಒಪ್ಪುತ್ತದೆ. ಅಕ್ಷರದ ಗಾತ್ರ ಹೇಳುವ ಪಾಯಿಂಟ್ ಅಳತೆ ಒಂದೇ ಎಂದು ನಂಬಿ ಕೂರಬೇಡಿ. ಎರಡೂ ಸಾಲುಗಳನ್ನು ಅಕ್ಕಪಕ್ಕದಲ್ಲಿಟ್ಟು, ಕಣ್ಣು ಕಿರಿದು ಮಾಡಿ ನೋಡಿ, ಕಪ್ಪು ಎರಡು ಕಡೆಯೂ ಸಮನಾಗಿ ಕಾಣುವವರೆಗೆ ಕನ್ನಡದ ಗಾತ್ರವನ್ನು ಬದಲಿಸಿರಿ.

ಸಾಲಿನ ಅಂತರದಲ್ಲಿ ಬಹಳ ಮಂದಿ ಎಡವುತ್ತಾರೆ. ಕೂಪರ್ ಬ್ಲ್ಯಾಕ್‌ನಲ್ಲಿ ಕೆಳಗಿಳಿಯುವ ಬಾಲಗಳು ಮೋಟು, ಆದ್ದರಿಂದ ಇಂಗ್ಲಿಷ್ ಸಾಲುಗಳನ್ನು ಒತ್ತೊತ್ತಾಗಿ ಇಡಬಹುದು. ಆದರೆ ‘ಮಂಡ್ಯದ ಬೆಲ್ಲ’ ಎಂಬ ಎರಡೇ ಪದಗಳಲ್ಲಿ ಎರಡು ಒತ್ತಕ್ಷರಗಳಿವೆ. ಅದೇ ಅಂತರವನ್ನು ಇಲ್ಲಿಗೂ ತಂದರೆ ಲಕಾರದ ಒತ್ತು ಕೆಳಗಿನ ಇಂಗ್ಲಿಷ್ ಸಾಲಿನ ತಲೆಗೆ ತಾಗುತ್ತದೆ. ಕನ್ನಡದ ಸಾಲನ್ನು ಮೊದಲು ಕೂರಿಸಿ, ಒತ್ತಿನ ತುದಿಯಿಂದ ಅಳೆದು ಇಂಗ್ಲಿಷಿಗೆ ಜಾಗ ಕೊಡುವುದು ಸರಿಯಾದ ಕ್ರಮ. ಅಂಗಡಿಯ ಬೋರ್ಡಾದರೆ ಶೇ 60ರಷ್ಟು ಜಾಗ ಕನ್ನಡಕ್ಕೆ ಸಲ್ಲಬೇಕೆಂಬ ಕಾನೂನೇ ಇರುವುದರಿಂದ ಈ ಕ್ರಮ ಅಲ್ಲಿಗೂ ಹೊಂದುತ್ತದೆ.

ಮಹಾಪ್ರಾಣಗಳ ಮೇಲೆ ನಿಗಾ ಇರಲಿ. ದ ಮತ್ತು ಧ, ಪ ಮತ್ತು ಫ ಇವುಗಳ ವ್ಯತ್ಯಾಸವಿರುವುದು ಬುಡದ ಒಂದು ಸೀಳಿನಲ್ಲಿ. ಅಕ್ಷರ ದಪ್ಪವಾದಷ್ಟೂ ಆ ಸೀಳಿನ ಸುತ್ತಲ ಜಾಗ ತುಂಬಿಕೊಳ್ಳುತ್ತದೆ. ಮೈಸೂರಿನಲ್ಲಿ ಒಮ್ಮೆ ನಾನೇ ಮಾಡಿಕೊಟ್ಟ ಚೀಟಿಯಲ್ಲಿ ‘ಧಾನ್ಯ’ ಎಂಬುದು ‘ದಾನ್ಯ’ವಾಗಿ ಅಚ್ಚಾಗಿತ್ತು, ಕಂಪ್ಯೂಟರ್ ಪರದೆಯ ಮೇಲೆ ಹಿಗ್ಗಿಸಿ ನೋಡಿ ಒಪ್ಪಿಗೆ ಕೊಟ್ಟಿದ್ದು ನನ್ನದೇ ತಪ್ಪು. ಅಂದಿನಿಂದ ನಿಜವಾದ ಅಳತೆಯಲ್ಲಿ, ಅದೇ ಚೀಲದ ಮೇಲೆ ಒಂದು ಪ್ರತಿ ಅಚ್ಚು ಹಾಕಿಸಿ, ಹತ್ತು ಹೆಜ್ಜೆ ದೂರ ನಿಂತು ಓದಿ ನೋಡುತ್ತೇನೆ. ಸೀಳು ಕಾಣದಿದ್ದರೆ ಬಲೂ ತಮ್ಮ 2 ಎಂಬ ಆವೃತ್ತಿಯ ಐದು ದಪ್ಪಗಳಲ್ಲಿ ಒಂದು ಮೆಟ್ಟಿಲು ಕೆಳಗಿಳಿಯುತ್ತೇನೆ.

ತೂಕ, ಬೆಲೆ, ತಯಾರಿಸಿದ ದಿನಾಂಕಗಳಿಗೆ ಈ ದಪ್ಪಕ್ಷರ ಬೇಡ. ಅಲ್ಲಿಗೆ ನೋಟೊ ಸಾನ್ಸ್ ಕನ್ನಡದಂಥ ತೆಳು, ಸರಳ ಫಾಂಟ್ ಸಾಕು.