ಗ್ರೀನ್ ಕಾರ್ಡ್ ಸರದಿ: ನಿಮ್ಮ ದಿನಾಂಕವನ್ನು ಕಾಪಾಡಿಕೊಳ್ಳುವುದು ಹೇಗೆ?

ಅಮೆರಿಕದಲ್ಲಿ ಉದ್ಯೋಗದ ಮೂಲಕ ಗ್ರೀನ್ ಕಾರ್ಡ್‌ಗೆ ಕಾಯುತ್ತಿರುವ ಭಾರತೀಯರ ಕೈಯಲ್ಲಿರುವ ನಿಜವಾದ ಆಸ್ತಿ ಒಂದೇ: ಪ್ರಯಾರಿಟಿ ಡೇಟ್, ಅಂದರೆ ಸರದಿಗೆ ಸೇರಿದ ದಿನಾಂಕ. ಕಂಪನಿ ಬದಲಾದರೂ, ಕೆಲಸವೇ ಹೋದರೂ, ಒಮ್ಮೆ ಗಟ್ಟಿಯಾದ ದಿನಾಂಕ ನಿಮ್ಮದೇ. ಆದರೆ ಅದು ಗಟ್ಟಿಯಾಗುವುದು ಯಾವಾಗ ಎಂದು ತಿಳಿಯದೆ ಅವಸರದಲ್ಲಿ ಕಂಪನಿ ಬಿಟ್ಟು, ಮತ್ತೆ ಸರದಿಯ ಬಾಲಕ್ಕೆ ಹೋಗಿ ನಿಲ್ಲುವವರಿದ್ದಾರೆ.

ಸರದಿ ಇಷ್ಟು ಉದ್ದವಾಗಲು ಕಾರಣ 1990ರ ವಲಸೆ ಕಾಯ್ದೆ. ಉದ್ಯೋಗ ಆಧಾರಿತ ಗ್ರೀನ್ ಕಾರ್ಡ್‌ಗಳು ವರ್ಷಕ್ಕೆ ಸುಮಾರು 1,40,000. ಸಂಗಾತಿ, ಮಕ್ಕಳೂ ಈ ಲೆಕ್ಕದೊಳಗೇ ಬರುತ್ತಾರೆ. ಒಂದು ದೇಶಕ್ಕೆ ಶೇ 7ರ ಮಿತಿ. ಐಸ್‌ಲ್ಯಾಂಡ್‌ಗೂ ಅಷ್ಟೇ, ಭಾರತಕ್ಕೂ ಅಷ್ಟೇ. ಉನ್ನತ ಪದವೀಧರರ ಇಬಿ-2 ವರ್ಗದ ಸುಮಾರು 40,000ದಲ್ಲಿ ಶೇ 7 ಎಂದರೆ ಬರೀ 2,800. ಆನೆಯ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಬೇರೆ ದೇಶದವರು ಬಳಸದೆ ಬಿಟ್ಟದ್ದು ಕೆಲವು ವರ್ಷ ಸಿಗುತ್ತದೆ, ಕೆಲವು ವರ್ಷ ಇಲ್ಲ. 2025ರ ಆಗಸ್ಟ್‌ನಲ್ಲೂ ಭಾರತದ ಇಬಿ-2 ಗಡಿ 2013ರ ಜನವರಿಯಲ್ಲೇ ನಿಂತಿತ್ತು; ಅಂದರೆ ಅದಕ್ಕೂ ಮೊದಲು ಸರದಿಗೆ ಸೇರಿದವರಿಗಷ್ಟೇ ಕಾರ್ಡ್. ಹುಟ್ಟಿದ ದೇಶದ ಕಾರಣಕ್ಕೆ ಒಂದೇ ಕಚೇರಿಯ ಇಬ್ಬರಲ್ಲಿ ಒಬ್ಬರು ದಶಕಗಟ್ಟಲೆ ಕಾಯುವುದು ಅನ್ಯಾಯವೇ. ಈ ಮಿತಿಯನ್ನು ತೆಗೆಯುವ ಮಸೂದೆ 2019ರಲ್ಲಿ ಕೆಳಮನೆಯಲ್ಲಿ ಗೆದ್ದರೂ ಕಾನೂನಾಗಲಿಲ್ಲ.

ಹೆಜ್ಜೆ 1: ದಿನಾಂಕ ಹಿಡಿಯಿರಿ

ಇಬಿ-2 ಮತ್ತು ಇಬಿ-3 (ಪದವೀಧರರು, ಕುಶಲ ಕೆಲಸಗಾರರು) ವರ್ಗಗಳಲ್ಲಿ ಸಾಮಾನ್ಯವಾಗಿ ಕಂಪನಿಯು ಮೊದಲು ಕಾರ್ಮಿಕ ಇಲಾಖೆಗೆ ‘ಪರ್ಮ್’ ಅರ್ಜಿ ಸಲ್ಲಿಸಬೇಕು. ಆ ಹುದ್ದೆಗೆ ಅರ್ಹ ಅಮೆರಿಕನ್ನರು ಸಿಗಲಿಲ್ಲ ಎಂದು ಜಾಹೀರಾತು ಕೊಟ್ಟು ತೋರಿಸುವ ಕೆಲಸ ಇದು. ಆ ಅರ್ಜಿ ಸೇರಿದ ದಿನವೇ ನಿಮ್ಮ ಪ್ರಯಾರಿಟಿ ಡೇಟ್. ಹಾಗಾಗಿ ಕೆಲಸಕ್ಕೆ ಸೇರುವ ಮಾತುಕತೆಯಲ್ಲೇ ‘ಪರ್ಮ್ ಯಾವಾಗ ಶುರು ಮಾಡುತ್ತೀರಿ’ ಎಂದು ಕೇಳಿ. ಸಂಕೋಚ ಬೇಡ.

ಹೆಜ್ಜೆ 2: ಗಟ್ಟಿ ಮಾಡಿಕೊಳ್ಳಿ

ಮುಂದಿನದು ಕಂಪನಿಯು ನಿಮ್ಮ ಪರವಾಗಿ ವಲಸೆ ಇಲಾಖೆಗೆ ಸಲ್ಲಿಸುವ ಐ-140 ಅರ್ಜಿ. ಅದು ಮಂಜೂರಾದ ಮೇಲೆ ಕಂಪನಿ ಅದನ್ನು ಹಿಂದಕ್ಕೆ ಪಡೆದರೂ, ವಂಚನೆಯಂಥ ದೋಷವಿಲ್ಲದಿದ್ದರೆ, ದಿನಾಂಕಕ್ಕೆ ಧಕ್ಕೆಯಿಲ್ಲ. ಹೊಸ ಕಂಪನಿ ಪರ್ಮ್‌ನಿಂದ ಮತ್ತೆ ಶುರು ಮಾಡಬೇಕು, ಆದರೆ ಹಳೆಯ ದಿನಾಂಕವೇ ಜೊತೆಗೆ ಬರುತ್ತದೆ. ಎಚ್-1ಬಿ ಕೆಲಸದ ವೀಸಾವನ್ನು ಆರು ವರ್ಷದ ಆಚೆಗೆ ಮೂರು ಮೂರು ವರ್ಷ ವಿಸ್ತರಿಸಿಕೊಳ್ಳಲೂ ಈ ಮಂಜೂರಾತಿಯೇ ಆಧಾರ; ಆದರೆ ಇದಕ್ಕೆ, ಮಂಜೂರಾಗಿ 180 ದಿನ ಕಳೆಯುವ ಮುನ್ನ ಕಂಪನಿ ಅರ್ಜಿಯನ್ನು ಹಿಂದಕ್ಕೆ ಪಡೆದಿರಬಾರದು. ಮಂಜೂರಾತಿ ಪತ್ರದ ಪ್ರತಿಯನ್ನು ಕಂಪನಿಯಲ್ಲಿರುವಾಗಲೇ ಪಡೆದಿಟ್ಟುಕೊಳ್ಳಿ. ಬಿಟ್ಟ ಮೇಲೆ ಕೇಳಿದರೆ ಸಿಕ್ಕೇ ಸಿಗುತ್ತದೆಂಬ ಭರವಸೆಯಿಲ್ಲ.

ಹೆಜ್ಜೆ 3: ಸಂಗಾತಿ ಎಲ್ಲಿ ಹುಟ್ಟಿದ್ದು?

ಇಲ್ಲಿ ಲೆಕ್ಕಕ್ಕೆ ಬರುವುದು ಪೌರತ್ವವಲ್ಲ, ಜನ್ಮಸ್ಥಳ. ಕೆನಡಾದ ಪೌರರಾದರೂ ಹುಟ್ಟಿದ್ದು ಹಾಸನದಲ್ಲಾದರೆ ನಿಮ್ಮದು ಭಾರತದ ಸರದಿಯೇ. ಆದರೆ ಗಂಡ ಅಥವಾ ಹೆಂಡತಿ ಹುಟ್ಟಿದ ದೇಶದ ಸರದಿಯನ್ನು ಬಳಸಿಕೊಳ್ಳಲು ಅವಕಾಶವಿದೆ. ಕರಾವಳಿಯವರು ಇದನ್ನು ವಿಶೇಷವಾಗಿ ಗಮನಿಸಬೇಕು. ಉಡುಪಿಯ ಹುಡುಗ, ಅಪ್ಪ ಕೆಲಸದಲ್ಲಿದ್ದಾಗ ಮಸ್ಕತ್‌ನಲ್ಲಿ ಹುಟ್ಟಿದ ಹುಡುಗಿ; ಇಬ್ಬರದೂ ಭಾರತದ ಪಾಸ್‌ಪೋರ್ಟ್. ಈ ದಂಪತಿ ಒಮಾನ್ ಲೆಕ್ಕದಲ್ಲಿ, ಭಾರತಕ್ಕಿಂತ ಎಷ್ಟೋ ಚಿಕ್ಕ ಸರದಿಯಲ್ಲಿ ನಿಲ್ಲಬಹುದು. ಮಕ್ಕಳ ಜನ್ಮಸ್ಥಳದಿಂದ ಹೆತ್ತವರಿಗೆ ಈ ಲಾಭವಿಲ್ಲ.

ಹೆಜ್ಜೆ 4: ಬುಲೆಟಿನ್ ಓದಿ

ವಿದೇಶಾಂಗ ಇಲಾಖೆ ಪ್ರತಿ ತಿಂಗಳು ವೀಸಾ ಬುಲೆಟಿನ್ ಹೊರಡಿಸುತ್ತದೆ. ಅದರಲ್ಲಿ ಎರಡು ಪಟ್ಟಿಗಳಿವೆ: ಗ್ರೀನ್ ಕಾರ್ಡ್ ಕೈಗೆ ಸಿಗಬಹುದಾದ ದಿನಾಂಕದ್ದು ಒಂದು, ಕೊನೆಯ ಹಂತದ ಅರ್ಜಿಯನ್ನು (ಐ-485) ಹಾಕಬಹುದಾದ ದಿನಾಂಕದ್ದು ಇನ್ನೊಂದು. ಆ ತಿಂಗಳು ಅರ್ಜಿಗೆ ಯಾವ ಪಟ್ಟಿ ಅನ್ವಯ ಎಂಬುದನ್ನು ವಲಸೆ ಇಲಾಖೆ ಬೇರೆಯಾಗಿ ಪ್ರಕಟಿಸುತ್ತದೆ. ಮುಂದೆ ಹೋದ ದಿನಾಂಕ ಹಿಂದಕ್ಕೂ ಸರಿಯುವುದುಂಟು. ಆದ್ದರಿಂದ ಬಾಗಿಲು ತೆರೆದ ತಿಂಗಳೇ ಐ-485 ಅರ್ಜಿ ಹಾಕಲು ಕಾಗದಪತ್ರ ಸಿದ್ಧವಿರಬೇಕು.

ಹೆಜ್ಜೆ 5: ಊರಿನ ಕಾಗದ

ನಮ್ಮವರು ಎಡವುವುದು ಇಲ್ಲೇ. ಜನನ ಪ್ರಮಾಣಪತ್ರದಲ್ಲಿ ಮಗುವಿನ ಹೆಸರೇ ಇರುವುದಿಲ್ಲ. ಇದ್ದರೆ ‘ಮಂಜುನಾಥ ಹೆಚ್.ಎಸ್.’ ಎಂದಿರುತ್ತದೆ. ಪಾಸ್‌ಪೋರ್ಟ್‌ನಲ್ಲಿ ಇನಿಷಿಯಲ್ ಬಿಡಿಸಿಕೊಂಡು ಅಜ್ಜನ ಊರು, ಅಪ್ಪನ ಹೆಸರು ಸೇರಿ ಬೇರೆಯೇ ಆಗಿರುತ್ತದೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಮೂರನೆಯ ರೂಪ. ಜನನ ನೋಂದಣಿ ಆಗಿಯೇ ಇಲ್ಲದಿದ್ದರೆ ನೋಂದಣಾಧಿಕಾರಿಯಿಂದ ‘ದಾಖಲೆ ಲಭ್ಯವಿಲ್ಲ’ ಎಂಬ ಪತ್ರ, ಶಾಲಾ ದಾಖಲೆ, ನಿಮ್ಮ ಜನನದ ಬಗ್ಗೆ ಬಲ್ಲ ಹಿರಿಯರ ಅಫಿಡವಿಟ್‌ಗಳು ಬೇಕಾಗುತ್ತವೆ. ತಂದೆತಾಯಿ ಇರುವಾಗಲೇ, ಊರಿಗೆ ಬಂದ ರಜೆಯಲ್ಲೇ ಇದನ್ನು ಮುಗಿಸಿ. ಸರದಿ ಬಂದ ತಿಂಗಳು ನ್ಯೂಜೆರ್ಸಿಯಲ್ಲಿ ಕೂತು ತಾಲ್ಲೂಕು ಕಚೇರಿಗೆ ಫೋನ್ ಮಾಡುವ ಸಂಕಟ ಯಾರಿಗೂ ಬೇಡ.

ಹೆಜ್ಜೆ 6: ಮಕ್ಕಳ ವಯಸ್ಸು

ಮಗುವಿಗೆ 21 ತುಂಬಿದರೆ ನಿಮ್ಮ ಅರ್ಜಿಯಿಂದ ಹೊರಬೀಳುತ್ತದೆ. ಐ-140 ಪರಿಶೀಲನೆಯಲ್ಲಿ ಬಾಕಿಯಿದ್ದ ದಿನಗಳನ್ನು ಮಗುವಿನ ವಯಸ್ಸಿನಿಂದ ಕಳೆಯಲು ಕಾನೂನಿನಲ್ಲಿ ಅವಕಾಶವಿದೆ. ಆದರೆ ವಯಸ್ಸನ್ನು ಬುಲೆಟಿನ್‌ನ ಯಾವ ಪಟ್ಟಿಯ ಪ್ರಕಾರ ಎಣಿಸಬೇಕು ಎಂಬ ನಿಯಮ 2023ರಲ್ಲಿ ಮಕ್ಕಳ ಪರವಾಗಿ ಸಡಿಲವಾಗಿ, 2025ರ ಆಗಸ್ಟ್‌ನಲ್ಲಿ ಮತ್ತೆ ಬಿಗಿಯಾಯಿತು. ಮೂರು ವರ್ಷದವರಾಗಿ ಬಂದು ಅಲ್ಲೇ ಬೆಳೆದ ಮಕ್ಕಳು ವಿದೇಶಿ ವಿದ್ಯಾರ್ಥಿಗಳ ವೀಸಾ ಕೇಳಬೇಕಾಗಿ ಬರುವುದು ಈ ವ್ಯವಸ್ಥೆಯ ಅತಿ ಕ್ರೂರ ಭಾಗ. ಮಗು ಹೈಸ್ಕೂಲಿನಲ್ಲಿರುವಾಗಲೇ ವಕೀಲರ ಬಳಿ ಲೆಕ್ಕ ಹಾಕಿಸಿ, ಸರದಿ ಬರುವ ಸಂಭವವಿಲ್ಲವೆಂದರೆ ಎಫ್-1 ವಿದ್ಯಾರ್ಥಿ ವೀಸಾಕ್ಕೆ ಬದಲಾಯಿಸುವ ಅರ್ಜಿಯನ್ನು 21 ತುಂಬುವ ಮೊದಲೇ ಸಲ್ಲಿಸಿ.