ತುರ್ಕರ ಬಾಣಕ್ಕೆ ನೈಟ್‌ಗಳು ಬೀಳುತ್ತಿರಲಿಲ್ಲ: ನನ್ನ ಅನುಭವ

ಮೆಡೀವಲ್ 2: ಟೋಟಲ್ ವಾರ್ ಎಂಬ ಕಂಪ್ಯೂಟರ್ ಯುದ್ಧದಾಟದಲ್ಲಿ ತುರ್ಕರಾಗಿ ಆಡುತ್ತಿದ್ದೆ. ಕ್ರುಸೇಡ್ ನೈಟ್‌ಗಳ ಎದುರು ತುರ್ಕೊಮನ್ ಸವಾರರ (ಕುದುರೆ ಮೇಲಿನ ಬಿಲ್ಲುಗಾರರು) ಬತ್ತಳಿಕೆ ಖಾಲಿಯಾದರೂ ಸತ್ತವರು ಬೆರಳೆಣಿಕೆಯಷ್ಟು.

ಬೆಂಕಿ ಬಾಣ ಬಿಟ್ಟೆ. ಶತ್ರು ಹೆದರುತ್ತಾನೆ, ಆದರೆ ಗುರಿ ಜಾಸ್ತಿ ತಪ್ಪುತ್ತದೆ. ಕ್ಯಾಂಟಾಬ್ರಿಯನ್ ಸರ್ಕಲ್ (ಸವಾರರು ಸುತ್ತು ಹಾಕುತ್ತಾ ಬಾಣ ಬಿಡುವ ಆಯ್ಕೆ) ಒತ್ತಿದೆ. ಅದು ಎದುರಿನ ಬಾಣದಿಂದ ತಪ್ಪಿಸಿಕೊಳ್ಳಲು, ಬಿಲ್ಲೇ ಇಲ್ಲದ ನೈಟ್‌ಗಳ ಮುಂದೆ ಸುಮ್ನೆ ಸುತ್ತುವುದಷ್ಟೆ. ಬಿಲ್ಲುಗಾರರನ್ನು ಹೆಚ್ಚಿಸಿದ್ದೂ ದಂಡ.

ತೊಂದರೆ ಗುರಾಣಿಯದು. ಈ ಆಟದಲ್ಲಿ ಗುರಾಣಿ ಮುಂದೆ ಮತ್ತು ಎಡಕ್ಕೆ ಕಾಯುತ್ತದೆ. ಬಲಕ್ಕೆ, ಹಿಂದಕ್ಕೆ ಇಲ್ಲ. ನಾನು ಮುಂದಿನಿಂದಲೇ ಹೊಡೆಯುತ್ತಿದ್ದೆ!

ಈಗ ನಡುವೆ ಈಟಿಯವರು, ಗಾರ್ಡ್ ಮೋಡ್ (ಜಾಗ ಬಿಟ್ಟು ಕದಲದಿರುವುದು) ಆನ್. ಅವರ ಹಿಂದೆ ಕಾಲಾಳು ಬಿಲ್ಲುಗಾರರು, ಸ್ಕರ್ಮಿಶ್ ಆಫ್ (ಆನ್ ಇದ್ದರೆ ಶತ್ರು ಹತ್ತಿರ ಬಂದ ಕೂಡಲೇ ಓಡುತ್ತಾರೆ). ಸವಾರರಿಗೆ ಮೊದಲು ಫೈರ್ ಅಟ್ ವಿಲ್ (ತಾವಾಗಿಯೇ ಬಾಣ ಬಿಡುವುದು) ಆಫ್, ಸ್ಕರ್ಮಿಶ್ ಆನ್. ಶತ್ರುವಿನ ಬಲಗಡೆ, ಅಂದರೆ ನನ್ನ ಎಡಗಡೆಯಿಂದ, ದೂರದಲ್ಲಿ ಬಳಸಿ ಬೆನ್ನ ಹಿಂದೆ ಹೋಗುತ್ತಾರೆ. ನಿಂತ ಮೇಲೆ ಒಂದೇ ತುಕಡಿಯನ್ನು ಆರಿಸಿ ಎಲ್ಲರೂ ಹೊಡೆಯಬೇಕು. ಸವಾರರನ್ನು ಅಟ್ಟಲು ತಿರುಗಿದರೆ ನೈಟ್‌ಗಳ ಬೆನ್ನು ನನ್ನ ಕಾಲಾಳುಗಳಿಗೆ ಸಿಗುತ್ತದೆ. ಶತ್ರು ನಮ್ಮ ಈಟಿಯವರ ಜೊತೆ ಕೈ ಮಿಲಾಯಿಸಿದಾಗ ಮಾತ್ರ ಬಾಣ ನಿಲ್ಲಿಸಿ, ಇಲ್ಲದಿದ್ದರೆ ನಮ್ಮವರೇ ಸಾಯುತ್ತಾರೆ.